ಉಗ್ರಾಣದ ಉಷ್ಣಾಂಶ

ತಂತಿ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಈ ವಿಷಯದಲ್ಲಿ ತಂತಿಗೂ ನಮ್ಮ ಹೈ ವೋಲ್ಟೇಜ್ ಮಾರ್ಗ ನಿರ್ಮಾಣ ಕಚೇರಿಗೂ ಎಂದೂ ಭಿನ್ನಾಭಿಪ್ರಾಯವಿರಲಿಲ್ಲ. ಎರಡು ಟವರುಗಳ ನಡುವೆ ತಂತಿ ಎಷ್ಟು ಜೋಲಬೇಕೆಂಬುದನ್ನು ಕಚೇರಿ ಮೊದಲೇ ತೀರ್ಮಾನಿಸುತ್ತಿತ್ತು. ತಂತಿ ಅದರಂತೆ ನಡೆದುಕೊಳ್ಳತಕ್ಕದ್ದೆಂದು ನಿರೀಕ್ಷಿಸುತ್ತಿತ್ತು.

ಆಗ ಕಂಪ್ಯೂಟರ್ ಇರಲಿಲ್ಲ. ಅದರ ಕೊರತೆ ಯಾರಿಗೂ ಕಾಣಲಿಲ್ಲ, ಏಕೆಂದರೆ ತಪ್ಪುಗಳನ್ನೆಲ್ಲ ನಾವು ಕೈಯಿಂದಲೇ ಮಾಡುತ್ತಿದ್ದೆವು. ಸರ್ವೆಯವರು ಹಳ್ಳದಿಣ್ಣೆಗಳನ್ನು ಅಳೆದು ತಂದರೆ, ಉದ್ದನೆಯ ಹಾಲಿನಲ್ಲಿ ಮೇಜಿಗೊಬ್ಬರಂತೆ ಬಗ್ಗಿ ನಿಂತ ನಕ್ಷೆಯವರು ನೆಲದ ಏರಿಳಿತವನ್ನು ಸುರುಳಿ ಕಾಗದದ ಮೇಲೆ ಎಳೆಯುತ್ತಿದ್ದರು. ಅದರ ಮೇಲೆ ಜೋಲುವ ತಂತಿಯ ಆಕಾರಕ್ಕೆ ಕತ್ತರಿಸಿದ ಸೆಲ್ಯುಲಾಯ್ಡ್ ಹಾಳೆಯೊಂದನ್ನಿಟ್ಟು, ಅತ್ತ ಜಾರಿಸಿ ಇತ್ತ ಜಾರಿಸಿ, ತಂತಿಯ ಹೊಟ್ಟೆ ನೆಲಕ್ಕೆ ತೀರಾ ಹತ್ತಿರ ಬಾರದಂತೆ ಟವರುಗಳ ಜಾಗ ಗುರುತು ಮಾಡುತ್ತಿದ್ದರು. ಲೆಕ್ಕದವರು ಸ್ಲೈಡ್ ರೂಲೆಂಬ ಲೆಕ್ಕದ ಪಟ್ಟಿಯನ್ನು ಎಳೆದೆಳೆದು, ಕಣ್ಣು ಕೆಂಪಗೆ ಮಾಡಿಕೊಂಡು ಒಂದು ಕೋಷ್ಟಕ ತಯಾರಿಸಿದ್ದರು. ಚಳಿಯಿದ್ದರೆ ತಂತಿಯನ್ನು ಇಷ್ಟು ಬಿಗಿ ಎಳೆಯಿರಿ, ಸೆಖೆಯಿದ್ದರೆ ಇಷ್ಟು ಸಡಿಲ ಬಿಡಿ, ಡಿಗ್ರಿಗೊಂದು ಸಾಲು. ಆ ಕೋಷ್ಟಕದಲ್ಲಿ ಒಂದಂಕಿಯೂ ತಪ್ಪಿರಲಿಲ್ಲ. ತಂತಿ ಎಳೆಯುವ ದಿನ ಬೇಕಾಗಿದ್ದದ್ದು ಒಂದು ಥರ್ಮಾಮೀಟರ್ ಮಾತ್ರ.

ಥರ್ಮಾಮೀಟರ್ ಇತ್ತು. ಆದರೆ ಅದು ಹೊರಗೆ ಹೋಗುವಂತಿರಲಿಲ್ಲ. ಹಿಂದೊಮ್ಮೆ ಇಂಥದ್ದೇ ಒಂದು ಥರ್ಮಾಮೀಟರ್ ಟವರಿನ ಮೇಲಿಂದ ಬಿದ್ದು ಒಡೆದಿತ್ತು. ಟವರು ಕಟ್ಟಿದ್ದಕ್ಕಿಂತ ಹೆಚ್ಚು ಕಾಲ ಅದರ ವಿಚಾರಣೆ ನಡೆದಿತ್ತು. ಆಮೇಲೆ ನಿಯಮ ಬಂತು: “ಒಡೆಯುವ ಸ್ವಭಾವದ ಉಪಕರಣಗಳನ್ನು ಅವು ಉಪಯೋಗಕ್ಕೆ ಬರುವ ಸ್ಥಳಕ್ಕೆ ಕೊಂಡೊಯ್ಯತಕ್ಕದ್ದಲ್ಲ.” ಹೀಗಾಗಿ ಹೊಸ ಥರ್ಮಾಮೀಟರ್ ಉಗ್ರಾಣದಲ್ಲಿ, ತಗಡಿನ ಚಾವಣಿಯ ಕೆಳಗೆ, ಡಾಂಬರಿನ ಪೀಪಾಯಿಗಳ ಪಕ್ಕ ಸುಖವಾಗಿ ನೇತಾಡುತ್ತಿತ್ತು. ಸ್ಟೋರ್ ಕೀಪರ್ ಮಧ್ಯಾಹ್ನ ಊಟ ಮುಗಿಸಿ ಬಂದು ಅದನ್ನು ಓದುತ್ತಿದ್ದ. ಆ ಅಂಕಿ ಮೇಜಿನಿಂದ ಮೇಜಿಗೆ ಹತ್ತಿ, ದೊಡ್ಡ ಸಾಹೇಬರ ಸಹಿಯಾಗಿ, ಮರುದಿನ ಬೆಳಗ್ಗೆಯಿಂದ ಜಾರಿಗೆ ಬರುತ್ತಿತ್ತು.

ತಂತಿಯನ್ನು ಎಳೆಯುವುದು ಗಾಳಿ ಏಳುವ ಮೊದಲು, ನಸುಕಿನಲ್ಲಿ. ಆ ದಿನ ಮಂಜು ಮುಸುಕಿತ್ತು. ಲೈನ್ ಮೇಸ್ತ್ರಿ ಕಿವಿ ಮುಚ್ಚುವ ಉಣ್ಣೆ ಟೋಪಿ ಹಾಕಿಕೊಂಡು, ಅಂಗೈಗೆ ಬಾಯಿಯ ಹಬೆ ಊದಿಕೊಳ್ಳುತ್ತ ನಿಂತಿದ್ದ. ಕಿರಿಯ ಇಂಜಿನಿಯರ್ ಚೀಟಿ ತೆಗೆದು ಓದಿದರು.

“ಇವತ್ತಿನ ಉಷ್ಣಾಂಶ ನಲವತ್ತೊಂದು ಡಿಗ್ರಿ.”

“ಸಾರ್, ಹಲ್ಲು ಕಟಕಟ ಅಂತಿದೆಯಲ್ಲ ಸಾರ್.”

“ಅದು ನಿನ್ನ ಹಲ್ಲಿನ ವಿಷಯ ಕಣಯ್ಯ. ಕೋಷ್ಟಕದಲ್ಲಿ ಹಲ್ಲಿಗೆ ಕಾಲಂ ಇಲ್ಲ.”

“ಹಾಗಾದ್ರೆ ಸಡಿಲ ಬಿಡ್ಲಾ?”

“ನಲವತ್ತೊಂದಕ್ಕೆ ಎಷ್ಟು ಬಿಡಬೇಕೋ ಅಷ್ಟು ಬಿಡು. ಮತ್ತೆ ಆ ಟೋಪಿ ತೆಗಿ. ಇಷ್ಟು ಸೆಖೇಲಿ ಟೋಪಿ ಹಾಕ್ಕೊಂಡ್ರೆ ನೋಡಿದವರು ಏನಂದ್ಕೋತಾರೆ?”

ಮೇಸ್ತ್ರಿ ಟೋಪಿ ತೆಗೆದ. ಒಂದು ಟವರಿಗೆ ಗುರುತಿನ ಹಲಗೆ ಕಟ್ಟಿ, ಇನ್ನೊಂದು ಟವರಿನ ಮೇಲೆ ಕೂತು ಒಂದು ಕಣ್ಣು ಮುಚ್ಚಿ ನೋಡುತ್ತ, ತಂತಿಯ ಹೊಟ್ಟೆ ಆ ಹಲಗೆಯ ನೇರಕ್ಕೆ ಬಂದು ಮುಟ್ಟುವ ತನಕ ಬಿಡಿಸಿದ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗಲಿಲ್ಲ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಬೇಸಿಗೆ ಬಂತು. ಆಗಲೇ ಸಡಿಲವಾಗಿದ್ದ ತಂತಿ ಬಿಸಿಲಿಗೆ ಇನ್ನಷ್ಟು ಹಿಗ್ಗಿ ಕೆಳಗಿಳಿಯಿತು. ಎಲ್ಲಕ್ಕಿಂತ ಕೆಳಗೆ ಇಳಿದದ್ದು ಊರಂಚಿನ ದಿಬ್ಬದ ಮೇಲೆ, ಎಲ್ಲರೂ ಬಟ್ಟೆಯಕ್ಕ ಎಂದು ಕರೆಯುವ ಹೆಂಗಸಿನ ಅಂಗಳದಲ್ಲಿ. ಬಟ್ಟೆಯಕ್ಕ ಹೆರಿಗೆ ಆಸ್ಪತ್ರೆಯ ಹಾಸು ಹೊದಿಕೆಗಳನ್ನೆಲ್ಲ ಒಗೆದು, ಗಳ ಎತ್ತಿ ಹಗ್ಗದ ಮೇಲೆ ಹರವಿ, ಸಂಜೆಯೊಳಗೆ ಗರಿಗರಿಯಾಗಿ ಒಣಗಿಸಿ ಕೊಡುತ್ತಿದ್ದಳು. ಒಂದು ದಿನ ಒದ್ದೆ ಬಟ್ಟೆ ಬಂದರೂ ಕೆಲಸ ಬೇರೆಯವರಿಗೆ ಎಂದು ಅಲ್ಲಿನ ಮೇಟ್ರನ್ ಹೇಳಿಟ್ಟಿದ್ದರು. ಗಂಡ ಹಾಸಿಗೆ ಹಿಡಿದ ಆ ಮನೆಯಲ್ಲಿ ಒಲೆ ಉರಿಯುತ್ತಿದ್ದುದೇ ಈ ಕೆಲಸದಿಂದ. ಅವಳು ಕಚೇರಿಗೆ ಬಂದಳು.

“ಸಾಹೇಬ್ರೇ, ನಿಮ್ಮ ತಂತಿ ಮಧ್ಯಾಹ್ನ ಆದ್ರೆ ಸಾಕು, ನಮ್ಮನೆಗೆ ಊಟಕ್ಕೆ ಬಂದ ಹಾಗೆ ಇಳಿಯತ್ತೆ. ಇನ್ನೂ ಕರೆಂಟ್ ಬಿಟ್ಟಿಲ್ಲ, ಸರಿ. ಬಿಟ್ಟ ಮೇಲೆ ನಾನು ಗಳ ಎತ್ತಿದ್ರೆ ನನ್ನ ಗತಿ ಏನು?”

ಅಳೆದು ನೋಡಿದರೆ ಅವಳ ಮಾತು ನಿಜ. ತಂತಿಗೂ ನೆಲಕ್ಕೂ ಇರಬೇಕಾದ ಅಂತರದಲ್ಲಿ ಒಂದಾಳುದ್ದ ಕಡಿಮೆ ಬಿದ್ದಿತ್ತು. ದೊಡ್ಡ ಸಾಹೇಬರು ಸಭೆ ಕರೆದರು.

“ಚಳೀಲಿ ಎಳೆದಿದ್ದು ಸಾರ್,” ಎಂದ ಮೇಸ್ತ್ರಿ. “ಸ್ವಲ್ಪ ಬಿಗಿ ಮಾಡಿದ್ರೆ ಆಯ್ತು. ಅರ್ಧ ದಿನದ ಕೆಲಸ.”

“ಬಿಗಿ ಮಾಡಿದ್ರೆ ಏನರ್ಥ? ಸಡಿಲ ಇತ್ತು ಅಂತ. ಸಡಿಲ ಯಾಕಾಯ್ತು? ಉಷ್ಣಾಂಶ ತಪ್ಪಿತ್ತು ಅಂತ. ಆ ಉಷ್ಣಾಂಶಕ್ಕೆ ಸಹಿ ಮಾಡಿದ್ದು ಯಾರು?”

ಸಹಿ ಮಾಡಿದವರೇ ಪ್ರಶ್ನೆ ಕೇಳುತ್ತಿದ್ದರು.

“ನಿಯಮ ಕೇಳೋದು ತಂತಿಗೂ ನೆಲಕ್ಕೂ ನಡುವಿನ ಅಂತರ. ಎರಡರಲ್ಲಿ ಯಾವುದು ಜರುಗಬೇಕು ಅಂತ ಎಲ್ಲೂ ಬರೆದಿಲ್ಲ,” ಎಂದರು ಸಾಹೇಬರು. ನಮಗೆಲ್ಲ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

ಮರುದಿನ ಬಟ್ಟೆಯಕ್ಕನ ಗೋಡೆಗೆ ಪ್ರಕಟಣೆ ಅಂಟಿಸಲಾಯಿತು: “ಸದರಿ ಸ್ಥಳದಲ್ಲಿ ನೆಲವು ತಂತಿಗೆ ಅನುಚಿತವಾಗಿ ಸಮೀಪಿಸಿರುವುದು ಕಂಡುಬಂದಿರುತ್ತದೆ. ಇದು ನೆಲದ ಮೊದಲನೆಯ ತಪ್ಪೆಂದು ಪರಿಗಣಿಸಿ, ಮಾಲೀಕರಿಗೆ ದಂಡ ವಿಧಿಸದೆ, ಕಚೇರಿಯ ವತಿಯಿಂದಲೇ ನೆಲವನ್ನು ತಗ್ಗಿಸಿಕೊಡಲಾಗುವುದು.”

ಅಗೆಯುವ ಕಂಟ್ರಾಕ್ಟು ಸಾಹೇಬರ ಭಾವಮೈದನಿಗೆ ಸಿಕ್ಕಿತು. ಒಂದಾಳುದ್ದ ಅಗೆದರೆ ಸಾಕಿತ್ತು. ಆದರೆ ಮಣ್ಣು ಇಟ್ಟಿಗೆ ಭಟ್ಟಿಗೆ ಹೇಳಿ ಮಾಡಿಸಿದಂತಿತ್ತು. ಸುರಕ್ಷತೆಯ ವಿಷಯದಲ್ಲಿ ಜಿಪುಣತನ ಬೇಡವೆಂದು ಅವನು ಮೂರಾಳುದ್ದ ಅಗೆದ. ಮನೆ ಹೊಂಡದ ಅಂಚಿಗೆ ಬಂದು ನಿಂತಿತು. ಅಂಗಳ ತಳಕ್ಕೆ ಹೋಯಿತು. ಅಂತರ ಈಗ ನಿಯಮಕ್ಕಿಂತ ಹೆಚ್ಚೇ ಇತ್ತು, ಅದಕ್ಕಾಗಿ ನಮ್ಮ ಕಚೇರಿಗೆ ಪ್ರಶಂಸಾಪತ್ರವೂ ಬಂತು.

ಆದರೆ ಹೊಂಡಕ್ಕೆ ಗಾಳಿ ಇಳಿಯಲಿಲ್ಲ. ಬಿಸಿಲು ನಡುಹಗಲು ಇಣುಕಿ ನೋಡಿ ಹೊರಟುಹೋಗುತ್ತಿತ್ತು. ಸಂಜೆಯಾದರೂ ಬಟ್ಟೆ ತೊಟ್ಟಿಕ್ಕುತ್ತಿತ್ತು. ಬಟ್ಟೆಯಕ್ಕ ಮತ್ತೆ ಬಂದಳು.

“ತಂತಿ ಮೇಲೆ ಹೋಯ್ತು, ಒಪ್ಪಿದೆ. ನನ್ನ ಬಿಸಿಲೆಲ್ಲಿ ಸಾಹೇಬ್ರೇ?”

“ಬಿಸಿಲು ನಮ್ಮ ಇಲಾಖೆಗೆ ಬರಲ್ಲಮ್ಮ.”

“ಹಾಗಾದ್ರೆ ಮನೆಗೊಂದು ಕರೆಂಟಾದ್ರೂ ಕೊಡಿ. ಇಸ್ತ್ರಿ ಪೆಟ್ಟಿಗೆ ಇಟ್ಕೊಂಡು ಒಣಗಿಸ್ತೀನಿ.”

“ಇದು ದೊಡ್ಡ ಲೈನು. ಸಣ್ಣಪುಟ್ಟ ಮನೆಗೆಲ್ಲ ಇಳಿಯಲ್ಲ.”

“ಮೊನ್ನೆ ತಾನಾಗೇ ಇಳಿದಿತ್ತಲ್ಲ!” ಎಂದಳು. “ಒಂದ್ಸಲ ಬಿಟ್ಟಿದ್ದೀನಿ, ನಾಳೆ ಕೊನೆ ದಿನ ಅಂದಿದ್ದಾರೆ ಮೇಟ್ರನಮ್ಮ. ನಾಳೆ ಒದ್ದೆ ಬಟ್ಟೆ ಹೋದ್ರೆ ನನ್ನ ಅನ್ನ ಹೋದ ಹಾಗೇ.”

ನಮ್ಮ ಕಚೇರಿಗೆ ಕರುಣೆಯಿಲ್ಲವೆಂದು ಯಾರೂ ಆಡಿಕೊಳ್ಳುವಂತಿಲ್ಲ. ಸಾಹೇಬರು ಕಣ್ಣು ಮುಚ್ಚಿ ಯೋಚಿಸಿದರು. ನೆಲವನ್ನು ಮತ್ತೆ ಎತ್ತುವಂತಿಲ್ಲ, ಪ್ರಶಂಸಾಪತ್ರ ಬಂದಾಗಿದೆ. ತಂತಿಯನ್ನು ಮುಟ್ಟುವಂತಿಲ್ಲ. ಉಳಿದದ್ದು ಬಟ್ಟೆ.

“ಅಲ್ಲಮ್ಮ, ಬಟ್ಟೆ ಒದ್ದೆ ಅಂತ ಹೇಳಿದ್ದು ಯಾರು?”

“ಮುಟ್ಟಿದ್ರೆ ಗೊತ್ತಾಗಲ್ವಾ ಸಾಹೇಬ್ರೇ?”

“ಮುಟ್ಟಿ ನೋಡೋದು ಅವೈಜ್ಞಾನಿಕ,” ಎಂದು ಸಾಹೇಬರು ಗುಮಾಸ್ತೆಯನ್ನು ಕರೆದು ಬರೆಸಿದರು: “ಈ ಪ್ರದೇಶದ ಅಧಿಕೃತ ಉಷ್ಣಾಂಶವು ನಲವತ್ತೊಂದು ಡಿಗ್ರಿ ಇರುವುದರಿಂದ, ಇಲ್ಲಿ ಹರವಿದ ಯಾವುದೇ ಬಟ್ಟೆಯು ಸಂಜೆಯೊಳಗೆ ಒಣಗಿರುತ್ತದೆಂದು ದೃಢೀಕರಿಸಲಾಗಿದೆ.” ಸಹಿ ಹಾಕಿ, ಮೊಹರು ಒತ್ತಿ, ಬಟ್ಟೆಯ ಗಂಟಿಗೊಂದರಂತೆ ಕೊಡುವ ವ್ಯವಸ್ಥೆಯಾಯಿತು.

ಮೇಟ್ರನ್ ಶಿಸ್ತಿನ ಹೆಂಗಸು. ಮೊದಲ ದಿನ ಒಂದು ಕೈಯಲ್ಲಿ ಪ್ರಮಾಣಪತ್ರ, ಇನ್ನೊಂದು ಕೈಯಲ್ಲಿ ತೊಟ್ಟಿಕ್ಕುವ ಬಟ್ಟೆ ಹಿಡಿದು ಅದನ್ನೊಮ್ಮೆ ಇದನ್ನೊಮ್ಮೆ ನೋಡಿದರು. ಕೊನೆಗೆ ಮೊಹರು ಇದ್ದದ್ದನ್ನು ನಂಬಿದರು. ಬಟ್ಟೆಯಕ್ಕನ ಕೆಲಸ ಉಳಿಯಿತು. ಅವಳ ಒಲೆ ಉರಿಯಿತು. ಎಲ್ಲರಿಗೂ ಸಮಾಧಾನವಾಯಿತು.

ಆ ತಿಂಗಳೇ ದೊಡ್ಡ ಸಾಹೇಬರ ಮಗಳಿಗೆ ಆ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಚೊಚ್ಚಲ ಮೊಮ್ಮಗು. ಕಚೇರಿಯವರೆಲ್ಲ ನೋಡಲು ಹೋದೆವು. ಮಗು ಒಂದೇ ಸಮನೆ ಅಳುತ್ತಿತ್ತು. ಸಾಹೇಬರ ಹೆಂಡತಿ ಹಾಸಿಗೆ ಮುಟ್ಟಿ ಹೌಹಾರಿದರು.

“ಇದೇನ್ರೀ ಇದು, ಹಿಂಡಿದ್ರೆ ನೀರು ಬರತ್ತೆ! ಕೂಸು ನಡುಗ್ತಿದೆ ನೋಡಿ!”

ಆ ಹೊತ್ತಿಗೆ ಬಟ್ಟೆಯಕ್ಕ ಗಂಟು ಹೊತ್ತು ಬಾಗಿಲಿಗೆ ಬಂದಳು.

“ಒಣಗಿದ್ದು ಒಂದಾದ್ರೂ ಇಲ್ವೇನಮ್ಮ?” ಎಂದು ಸಾಹೇಬರ ಹೆಂಡತಿ ಅಂಗಲಾಚಿದರು.

“ಎಲ್ಲಾ ಒಣಗಿದ್ದೇ ತಾಯಿ. ಯಜಮಾನ್ರೇ ಬರ್ಕೊಟ್ಟಿದ್ದಾರೆ.”

ಅವಳ ಮುಖದಲ್ಲಿ ನಗುವಿರಲಿಲ್ಲ; ನಾವು ಹುಡುಕಿ ನೋಡಿದೆವು. ನರ್ಸ್ ಪ್ರಮಾಣಪತ್ರ ತಂದು ಸಾಹೇಬರ ಕೈಗಿತ್ತಳು. ಸಾಹೇಬರು ಹಾಸನ್ನು ಒಮ್ಮೆ ಮುಟ್ಟಿದರು, ಬೆರಳು ಪ್ಯಾಂಟಿಗೆ ಒರೆಸಿಕೊಂಡರು, ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಅತ್ತು ಅತ್ತು ಮಗುವಿನ ದನಿ ಬಿದ್ದುಹೋಗಿತ್ತು. ಒಂದು ಗಳಿಗೆ ಅವರ ತುಟಿ ಅದುರಿದ್ದನ್ನು ಕಂಡು, ಇನ್ನೇನು ಸತ್ಯ ಹೇಳಿಬಿಡುತ್ತಾರೇನೋ ಎಂದು ನಮಗೆಲ್ಲ ಭಯವಾಯಿತು.

“ಎಲ್ಲಾ ಸರಿಯಾಗಿದೆ,” ಎಂದರು ಸಾಹೇಬರು. “ಮಗುವಿಗೆ ಇನ್ನೂ ಅಭ್ಯಾಸ ಆಗಿಲ್ಲ, ಅಷ್ಟೇ.”

ನಾವೆಲ್ಲ ಹೌದೆಂದು ತಲೆಯಾಡಿಸಿದೆವು. ನರ್ಸ್ ಹೊಸ ಗಂಟು ಬಿಚ್ಚಿ, ಒಣಗಿದ ಹೊದಿಕೆಯೊಂದನ್ನು ಎತ್ತಿಕೊಂಡು, ಕಿಟಕಿಯಾಚೆ ಕೈ ಚಾಚಿ ಚೆನ್ನಾಗಿ ಹಿಂಡಿ, ಮಗುವಿಗೆ ಹೊದಿಸಿದಳು.