ಬೆನ್ನು ಬಿಡದ ಕಿವಿ

ಬಸವಕಲ್ಯಾಣದ ಖಾಸಗಿ ಶಾಲೆಯೊಂದರ ಕನ್ನಡ ಮಾಸ್ತರ ಪಂಡರಿಯವರು ನಿನ್ನೆ ಸ್ಟಾಫ್‌ರೂಮಿನ ಕಂಪ್ಯೂಟರಿನಲ್ಲಿ ಕಿವಿ ಮಷಿನ್ನಿನ ಬೆಲೆ ಹುಡುಕಿದರು. ಕುಕೀಸ್ ಇಡಲು ಒಪ್ಪುತ್ತೀರಾ ಎಂದು ಒಂದು ಚೌಕ ಬೆಲೆಗೆ ಅಡ್ಡ ಬಂತು. ಓದದೆ ಒತ್ತಿಬಿಟ್ಟರು. ಹೋದ ವಾರ ಒಬ್ಬ ಹುಡುಗಿ ತಾನೇ ಬರೆದ ಪದ್ಯ ಓದಿದಾಗ, ಒಂದಕ್ಷರ ಕೇಳಿಸದೆ 'ಭಾಳ ಛಲೋ' ಅಂದಿದ್ದರು. ಆ ಪಾಪ ಅವರನ್ನು ಚುಚ್ಚುತ್ತಿತ್ತು.

ಇವತ್ತು ಆ ಕಂಪ್ಯೂಟರಿನಲ್ಲಿ ಏನು ತೆರೆದರೂ ಪಕ್ಕದಲ್ಲೊಂದು ಕಿವಿ. ಹವಾಮಾನಕ್ಕೂ ಕಿವಿ, ಪಠ್ಯಪುಸ್ತಕಕ್ಕೂ ಕಿವಿ.

"ಯಾರ್ದೋ ಕಿವಿ ಹೋಗ್ಯಾವ ನೋಡ್ರಿ!" ಕಂಪ್ಯೂಟರ್ ಮಾಸ್ತರ ಅನೀಲಕುಮಾರ ಎಲ್ಲರಿಗೂ ಕೇಳುವಂತೆ ಕೂಗಿದ. "ಅಂಗಡಿಯವ್ರು ಕುಕೀ ಅಂತ ಗುರ್ತು ಇಟ್ಟು ಹೋಗ್ತಾರ. ನಾವು ಎಲ್ಲಿ ಹೋದ್ರೂ ಅದು ಹಿಂದ ಬರ್ತದ. ಸೆಟ್ಟಿಂಗ್ಸ್‌ನಾಗ ಅಳಿಸಿದ್ರ ಆತು. ಆದ್ರ ಮೊದ್ಲು ಯಾರಂತ ಗೊತ್ತಾಗ್ಲಿ!"

ಪಂಡರಿಯವರೂ ನಕ್ಕರು. ಆದರೆ ಮಧ್ಯಾಹ್ನ ಹುಮನಾಬಾದಿನಿಂದ ಶಾಲೆಯ ಕಾರ್ಯದರ್ಶಿ ಓಂಪ್ರಕಾಶ ಬರುವವರಿದ್ದರು, ಮುಂದಿನ ವರ್ಷಕ್ಕೆ ಯಾರು ಬೇಕು, ಯಾರು ಬೇಡ ಎಂದು ತೀರ್ಮಾನಿಸಲು. ಕಣ್ಣು ಮಂದವಾದ ಚಿತ್ರಕಲೆ ಮಾಸ್ತರರನ್ನು ಹಾರ ಹಾಕಿ ಮನೆಗೆ ಕಳಿಸಿದವರು ಅವರೇ.

ಊಟದ ಬಿಡುವಿನಲ್ಲಿ ಪಂಡರಿ ಒಬ್ಬರೇ ಕೂತು ಎಲ್ಲವನ್ನೂ ಅಳಿಸಿದರು. ಕಿವಿ ಮಾಯವಾಯಿತು. ಜೊತೆಗೆ ಎಲ್ಲರ ಲಾಗಿನ್ನೂ ಮಾಯ. ಪಾಸ್‌ವರ್ಡ್ ಯಾರಿಗೂ ನೆನಪಿಲ್ಲದೆ ಸ್ಟಾಫ್‌ರೂಮು ಸಂತೆಯಾಯಿತು. ಅಷ್ಟರಲ್ಲಿ ಹೆಡ್‌ಮಿಸ್ ತಾಹೇರಾ ಪಕ್ಕದ ತಮ್ಮ ಕೋಣೆಗೆ ಪಂಡರಿಯವರನ್ನು ಕರೆಸಿದರು.

ತಾಹೇರಾ ಬಾಗಿಲು ಮುಂದೆ ಮಾಡಿ ಮೆತ್ತಗೆ ಏನೋ ಹೇಳಿದರು. ಪಂಡರಿಯವರಿಗೆ ದಕ್ಕಿದ್ದು 'ಕಂಪ್ಯೂಟರ್', 'ಕಿವಿ', 'ಕಾರ್ಯದರ್ಶಿ' ಎಂಬ ಮೂರೇ ಮಾತು. ಅಷ್ಟೇ ಸಾಕಾಯಿತು. ಇಪ್ಪತ್ತೆರಡು ವರ್ಷದ ನೌಕರಿ ಕಣ್ಣ ಮುಂದೆ ಹಾದುಹೋಯಿತು.

"ಹುಡಕಿದಾಂವ ನಾನ ಅದೀನ್ರಿ ಮೇಡಂ. ನನಗ ಕಿವಿ ಕೇಳ್ಸಂಗಿಲ್ಲ," ಎಂದು ಪಿಸುಗುಟ್ಟಿದರು.

"ಏನಂದ್ರಿ?"

"ಕಿವಿ ಕೇಳ್ಸಂಗಿಲ್ರಿ."

ತಾಹೇರಾ ಇನ್ನಷ್ಟು ಬಾಗಿದರು. "ಜರಾ ಜೋರ್ ಹೇಳ್ರಿ."

"ನನಗ ಕಿವಿ ಕೇಳ್ಸಂಗಿಲ್ರೀ!"

ಆಚೆ ಸ್ಟಾಫ್‌ರೂಮಿನ ಗದ್ದಲ ಒಮ್ಮೆಲೇ ನಿಂತಿತು.

ತಾಹೇರಾ ಗಾಬರಿಯಿಂದ ಒಂದು ಚೀಟಿ ಬರೆದು ಮುಂದೆ ತಳ್ಳಿದರು: 'ಮೊನ್ನೆ ಅದೇ ಕಂಪ್ಯೂಟರಿನಲ್ಲಿ ನಾನೂ ಕಿವಿ ಮಷಿನ್ ಹುಡುಕಿದ್ದೆ. ಆ ಕಿವಿಯ ಚಿತ್ರ ನನ್ನಿಂದಲೇ ಬರುತ್ತಿದೆ ಅಂದುಕೊಂಡೆ. ಗುಟ್ಟಾಗಿ ಅಳಿಸಿಕೊಡಿ ಎಂದು ಕೇಳಲು ಕರೆದೆ.'

ಪಂಡರಿ ಓದಿ ತಲೆ ಎತ್ತುವಷ್ಟರಲ್ಲಿ ಬಾಗಿಲಲ್ಲಿ ಓಂಪ್ರಕಾಶ ನಿಂತಿದ್ದರು. ತಾಹೇರಾ ಚೀಟಿಯನ್ನು ಮುಷ್ಟಿಯೊಳಗೆ ಮುದುರಿದರು.

"ಹಂಗಾದ್ರ ಮುಂದಿನ ವರ್ಷದಿಂದ ಮನ್ಯಾಗ ಆರಾಮ ತಗೋತೀರೇನ್ರಿ ಮಾಸ್ತರ್?" ಕಾರ್ಯದರ್ಶಿಗಳು ಬಹಳ ಮೆತ್ತಗೆ ಕೇಳಿದರು.

ಕೇಳಿದ್ದೇನೆಂದು ಪಂಡರಿಯವರಿಗೂ ತಾಹೇರಾ ಅವರಿಗೂ ತಿಳಿಯಲಿಲ್ಲ. ಇಬ್ಬರೂ ನಕ್ಕು, ಹೌದೆಂದು ತಲೆಯಾಡಿಸಿದರು.