ಯಮನಪ್ಪ ನೇಪಾಳಕ್ಕೆ ಹೊರಟದ್ದು

ಯಮನಪ್ಪ ನೇಪಾಳಕ್ಕೆ ಹೋಗುವುದು ಬನಹಟ್ಟಿಯ ಆ ಓಣಿಯಲ್ಲಿ ಯಾರಿಗೂ ಅಷ್ಟೇನೂ ಬೇಕಿರಲಿಲ್ಲ. ಹೋಗುವ ಮೊದಲು ಅವನಿಗೊಂದು ಸತ್ಕಾರ ಮಾಡುವುದು ಮಾತ್ರ ಎಲ್ಲರಿಗೂ ಬೇಕಾಗಿತ್ತು. ಕೆಲಸ ಕೆಟ್ಟಿದ್ದು ಅಲ್ಲಿಂದಲೇ.

ಯಮನಪ್ಪನಿಗೆ ನಲವತ್ತಾರು ವರ್ಷ. ಮನೆಯಲ್ಲಿ ಎರಡು ವಿದ್ಯುತ್ ಮಗ್ಗ, ಅವೆರಡಕ್ಕಿಂತ ಹೆಚ್ಚು ಸಪ್ಪಳ ಮಾಡುವ ಹೆಂಡತಿ ಸುಂದರವ್ವ. ಮಕ್ಕಳಿರಲಿಲ್ಲ. ರವಿವಾರ ಓಣಿಯ ಹಿಂದಿನ ಸಣ್ಣ ಚರ್ಚಿನಲ್ಲಿ ದಮ್ಮಡಿ ಬಡಿದು ಹಾಡುತ್ತಿದ್ದ. ಆ ಚರ್ಚಿನ ಪಾಸ್ಟರ್ ತುಕಾರಾಮ ಅವರು ಕಾಠ್ಮಾಂಡುವಿನ ಬೀದಿ ಮಕ್ಕಳ ಸೇವೆಗೆಂದು ಆರು ಜನರನ್ನು ಹತ್ತು ದಿನಕ್ಕೆ ಕರೆದುಕೊಂಡು ಹೋಗುವವರಿದ್ದರು. ಆರನೆಯ ಜಾಗ ಯಮನಪ್ಪನದು. ಕೊಲ್ಹಾಪುರದ ಆಚೆ ಕಾಲಿಡದ ಮನುಷ್ಯ. ಒಂದು ತಿಂಗಳಿಂದ ಓಣಿಯ ಹುಡುಗರನ್ನೆಲ್ಲ ಕಟ್ಟೆಯ ಮೇಲೆ ಕೂರಿಸಿಕೊಂಡು ಹಾಡು ಕಲಿಸುವುದನ್ನು ಕಲಿಯುತ್ತಿದ್ದ. ಅವನಿಗೆ ಖರೇನೇ ಹೋಗಬೇಕಾಗಿತ್ತು.

"ಬರೋಬ್ಬರಿ ಹನ್ನೊಂದಕ್ಕ ಗಾಡಿ ಬಿಡತೇನಿ," ಎಂದು ಪಾಸ್ಟರ್ ಹಿಂದಿನ ದಿನವೇ ಹೇಳಿದ್ದರು. "ಕುಡಚಿ ಸ್ಟೇಶನ್ನಿನಾಗ ರೈಲು ನಿನ್ನ ಸಲುವಾಗಿ ನಿಂದರೂದಿಲ್ಲ. ನೀ ಬರಲಿಲ್ಲಂದ್ರ ಬಾಳೇಶ ಬರತಾನ."

ಬಾಳೇಶ ಚರ್ಚಿನ ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವವನು. ಅವನನ್ನು ಯಾರೂ ಆರಿಸಿರಲಿಲ್ಲ. ಆದರೂ ದೇವರ ಮೇಲೆ ಭಾರ ಹಾಕಿ ತನ್ನ ಟಿಕೀಟು ತಾನೇ ತೆಗೆಸಿಟ್ಟುಕೊಂಡು, ಒಂದು ಸ್ವೆಟರನ್ನೂ ಕೊಂಡಿದ್ದ.

ಹೊರಡುವ ದಿನ ಬೆಳಿಗ್ಗೆ ಏಳಕ್ಕೆ ಮೊದಲು ಬಂದವಳು ಪಕ್ಕದ ಮನೆಯ ಹಾಲವ್ವ. ಕೈಯಲ್ಲೊಂದು ತೆಂಗಿನಕಾಯಿ.

"ತಮ್ಮಾ, ಆ ಕಡೆ ಹೊಂಟಿಯಂತಲ್ಲ. ಪಶುಪತಿನಾಥಗ ಇದೊಂದ ಕಾಯಿ ಒಡಿಸಿಕೊಂಡ ಬಾ."

"ಹಾಲವ್ವಾಯಿ, ನಾವು ಚರ್ಚಿನವರು ಹೊಂಟೇವಿ. ಬೀದಿ ಮಕ್ಕಳ ಸೇವಾಕ್ಕ."

"ನೀ ಯಾವ ದೇವರ ಕೆಲಸಕ್ಕರ ಹೋಗೋ ಮಾರಾಯ, ನನಗೇನ ತ್ರಾಸಿಲ್ಲ. ದಾರಿ ಅದ ಐತೆಲ್ಲ? ಕಾಯಿಗೇನ ಬ್ಯಾರೆ ಟಿಕೀಟ ತಗಸಬೇಕ?"

ಕಾಯಿ ಚೀಲ ಸೇರಿತು. ಆ ಮಕ್ಕಳಿಗಾಗಿ ಹಳೆಯ ಬಟ್ಟೆ ಕೊಡಿರೆಂದು ಯಮನಪ್ಪ ಎಂಟು ದಿನ ಮನೆಮನೆ ತಿರುಗಿದ್ದ. ಬನಹಟ್ಟಿಯಲ್ಲಿ ಹೊಸ ಸೀರೆ ಕೇಳಿದರೆ ಒಬ್ಬರಾದರೂ ಕೊಟ್ಟಾರು, ಹಳೆಯದನ್ನು ಕೊಡುವವರಿಲ್ಲ. ಹಳೆಯದೆಲ್ಲ ಹೊಲಿದು ಹೊದೆಯುವ ಕೌದಿಗೆ ಬೇಕು. "ನನ್ನ ಕೌದಿಗೇ ಇನ್ನಾ ಎರಡ ಸೀರಿ ಕಡಿಮಿ ಬಿದ್ದಾವು" ಎಂದು ಹಾಲವ್ವ ಅವನು ಹೊದ್ದಿದ್ದ ಟವೆಲ್ಲನ್ನೇ ಮುಟ್ಟಿ ನೋಡಿದ್ದಳು. ಬಟ್ಟೆ ಕೊಡದ ಓಣಿ ಪ್ರಾಯಶ್ಚಿತ್ತಕ್ಕೆಂಬಂತೆ ಸತ್ಕಾರ ಇಟ್ಟುಕೊಂಡಿತು.

ಸತ್ಕಾರದ ಮುಂದಾಳು ಸಾವಕಾರ ರಾವಸಾಹೇಬರು. ತೇರದಾಳದಲ್ಲಿ ಹೊಲ, ಬನಹಟ್ಟಿಯಲ್ಲಿ ನೂಲಿನ ವ್ಯಾಪಾರ, ಮುಂದಿನ ನಗರಸಭೆಯ ಮೇಲೆ ಕಣ್ಣು. ಓಣಿಯ ಬಾಯಿಗೆ ದೊಡ್ಡದೊಂದು ಬ್ಯಾನರ್ ಕಟ್ಟಿಸಿದ್ದರು. ಅದರಲ್ಲಿ ಅವರ ಮುಖ ಎಮ್ಮೆಯ ಮುಖದಷ್ಟಿತ್ತು. ಕೆಳಗಿನ ಮೂಲೆಯಲ್ಲಿ, ಪ್ರಿಂಟಿಂಗ್ ಪ್ರೆಸ್ಸಿನ ಫೋನ್ ನಂಬರಿನ ಪಕ್ಕ, ಯಮನಪ್ಪನೂ ಇದ್ದ.

ಒಂಬತ್ತಕ್ಕೆಂದಿದ್ದ ಕಾರ್ಯಕ್ರಮಕ್ಕೆ ಸಾವಕಾರರು ಹತ್ತೂವರೆಗೆ ಬಂದರು. ಚರ್ಚಿನ ಗಾಡಿಯೂ ಅಲ್ಲೇ ಬಂದು ನಿಂತಿತು. ಸುಂದರವ್ವ ಟಿಕೀಟು, ಓಟಿನ ಕಾರ್ಡು, ರೊಕ್ಕ, ಶೇಂಗಾ ಚಟ್ನಿ, ಐವತ್ತು ಸಜ್ಜಿ ರೊಟ್ಟಿ ತುಂಬಿದ ಚೀಲವನ್ನು ತಾನೇ ಗಾಡಿಗೆ ಏರಿಸಿದಳು. ನಿವೃತ್ತ ಹಿಂದಿ ಮಾಸ್ತರ ಮುರಗೆಪ್ಪ, "ವಿಡಿಯೋ ತಗೀತೇನಿ ಕೊಡ" ಎಂದು ಯಮನಪ್ಪನ ಮೊಬೈಲ್ ಇಸಿದುಕೊಂಡರು. ಹೀಗೆ ಎಲ್ಲರೂ ಸೇರಿ ಅವನ ಮೈಮೇಲಿನ ಭಾರವನ್ನೆಲ್ಲ ಇಳಿಸಿದರು.

ಏಳು ಶಾಲು ಹೊದಿಸಿದ್ದಾಯಿತು, ನಾಲ್ಕು ಹಾರ ಹಾಕಿದ್ದಾಯಿತು. ಫೇಟಾ ಸುತ್ತುವವನು ಒಂದು ಸಲ ಸುತ್ತಿ, ಸರಿಬರಲಿಲ್ಲವೆಂದು ಬಿಚ್ಚಿ, ಮತ್ತೆ ಮೊದಲಿನಿಂದ ಸುತ್ತತೊಡಗಿದ. ಮುರಗೆಪ್ಪ ಮಾಸ್ತರರು ಒಂದು ಕೈಯಲ್ಲಿ ಮೊಬೈಲ್, ಇನ್ನೊಂದರಲ್ಲಿ ಮೈಕು ಹಿಡಿದು, ಹಿಮಾಲಯ ಹೇಗೆ ಹುಟ್ಟಿತು ಎಂಬಲ್ಲಿಂದ ಶುರು ಮಾಡಿದರು.

ಗಾಡಿಯ ಹಾರ್ನು ಕೇಳಿತು.

"ಮಾಸ್ತರ್ರ, ನಾ ಹೊಂಡತೇನ್ರಿ," ಎಂದು ಯಮನಪ್ಪ ಎದ್ದ.

"ಕುಂದರೋ, ಇನ್ನಾ ಸಾವಕಾರ್ರ ಭಾಷಣ ಐತಿ," ಎಂದು ಮಾಸ್ತರರು ಭುಜ ಒತ್ತಿದರು. ಅರ್ಧ ಸುತ್ತಿದ ಫೇಟಾದ ಇನ್ನೊಂದು ತುದಿ ಸುತ್ತುವವನ ಹಲ್ಲಿನಲ್ಲಿತ್ತು. ಏಳುವುದಾದರೂ ಹೇಗೆ?

ಹನ್ನೊಂದು ಹೊಡೆಯಿತು. ಕ್ರಿಸ್‌ಮಸ್ ಪ್ರಾರ್ಥನೆಯನ್ನೇ ಇಬ್ಬರೇ ಬಂದಿದ್ದರೂ ಸಮಯಕ್ಕೆ ಶುರು ಮಾಡಿದ್ದ ಪಾಸ್ಟರು ಗಾಡಿ ಬಿಟ್ಟೇಬಿಟ್ಟರು. ಕಿಟಕಿಯಲ್ಲಿ ಬಾಳೇಶ ಕಂಡ. ಮೇ ತಿಂಗಳ ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು, ಸುಂದರವ್ವನ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೈ ಬೀಸುತ್ತಿದ್ದ. ಸಭೆಯವರೂ ಭಕ್ತಿಯಿಂದ ಕೈ ಬೀಸಿದರು.

ಯಮನಪ್ಪ ಫೇಟಾ ಕಿತ್ತುಕೊಂಡು ಓಡಿದ. ಚೌಕದಲ್ಲಿ ಮೂರು ಗಾಲಿಯ ಒಂದು ಟಂಟಂ ಸಿಕ್ಕಿತು. "ರೊಕ್ಕ ಸಾವಕಾರ್ರ ಕಡೆ ಇಸಕೋ" ಎಂದು ಹತ್ತಿ ಕುಳಿತ. ಹೋಗುವ ವೇಗ ನೋಡಿದರೆ ರೈಲು ಸಿಗುವಂತೆಯೇ ಇತ್ತು. ಆದರೆ ತೇರದಾಳದ ಹತ್ತಿರ ಹತ್ತು ಮಂದಿ ರಸ್ತೆಗೆ ಅಡ್ಡ ನಿಂತಿದ್ದರು. ಮುಂದೆ ರಾವಸಾಹೇಬರ ತಂಗಿ ತ್ರಿಶಲಾ, ಕೈಯಲ್ಲಿ ಆರತಿ.

"ಅಣ್ಣಾರ ಫೋನ್ ಬಂದಿತ್ರಿ. ಇಳೀರಿ, ಸತ್ಕಾರ ಐತಿ."

"ಅವ್ವಾರ, ರೈಲ ತಪ್ಪತೈತ್ರಿ. ಕೈ ಮುಗೀತೇನಿ."

"ಬನಹಟ್ಟಿಯವರ ಕಡೆ ಮಾಡಿಸಿಕೊಂಡ, ನಮ್ಮ ಕಡೆ ಒಲ್ಲೆ ಅಂದ್ರ ಹೆಂಗ್ರಿ? ತೇರದಾಳದವರು ಏನ ಪಾಪ ಮಾಡ್ಯಾರ?"

ಯಮನಪ್ಪ ಇಳಿದ. ಎಂಟನೆಯ ಶಾಲು, ಶಿರಾ, ಎರಡು ಕಪ್ಪು ಚಹಾ. "ಉಳ್ಳಾಗಡ್ಡಿ ಹಾಕಿಲ್ಲ, ಧೈರ್ಯಾಲೆ ತಿನ್ರಿ" ಎಂದು ಒತ್ತಾಯದಿಂದ ಜೈನರ ಮನೆಯ ಉಪ್ಪಿಟ್ಟು. ಅವನು ಅಳುತ್ತಲೇ ತಿಂದ. ಅದು ಆನಂದಬಾಷ್ಪವೆಂದು ತ್ರಿಶಲಾ ಎಲ್ಲರಿಗೂ ತೋರಿಸಿದರು.

ಕುಡಚಿ ಸ್ಟೇಶನ್ನಿಗೆ ಮುಟ್ಟಿದಾಗ ರೈಲು ಹೋಗಿ ಇಪ್ಪತ್ತು ನಿಮಿಷವಾಗಿತ್ತು. ಟಂಟಂದವನು ಸವಾರಿ ಸಿಗುವವರೆಗೆ ನೆರಳಿನಲ್ಲಿ ಮಲಗುತ್ತೇನೆಂದು ಹೊರಗೆ ಹೋದ. ಯಮನಪ್ಪ ಪ್ಲಾಟ್‌ಫಾರ್ಮಿನ ತುದಿಯ ಬೇವಿನ ಗಿಡದ ಕೆಳಗೆ ಕುಸಿದು ಕುಳಿತ.

ಕೈಯಲ್ಲಿ ರೊಕ್ಕವಿಲ್ಲ, ಮೊಬೈಲ್ ಇಲ್ಲ. ಊರಿಗೆ ಹೋಗುವುದಕ್ಕಿಂತ ಸಾಯುವುದೇ ಮೇಲು. ಎಂಟು ಶಾಲು ಹೊದ್ದ ಮನುಷ್ಯ ಕುಡಚಿ ನೋಡಿಕೊಂಡು ತಿರುಗಿ ಬಂದನೆಂದರೆ ಮಗ್ಗದ ಮುಂದೆ ಕೂರಲೂ ಮುಖ ಉಳಿಯುವುದಿಲ್ಲ. ಹತ್ತು ದಿನ ಎಲ್ಲಾದರೂ ಕಳೆದು ಆಮೇಲೆ ಹೋಗೋಣ, ನೇಪಾಳ ಭಾಳ ಛಲೋ ಐತಿ ಅಂದರಾಯಿತು ಎಂದುಕೊಂಡ. ಆ ಮಕ್ಕಳಿಗೆಂದು ಕಲಿತ ಹಾಡನ್ನು ಒಮ್ಮೆ ಗುನುಗಿದ. ಫೇಟಾದ ಬಟ್ಟೆ ಹಾಸಿ, ಪರಿಚಯದವರು ಯಾರೂ ಗುರುತಿಸದಿರಲೆಂದು ಶಾಲು ಮುಖದ ಮೇಲೆ ಎಳೆದುಕೊಂಡು ಮಲಗಿದ. ಹಾರಗಳನ್ನು ಒಂದು ಆಡು ತಿಂದು ಹೋಯಿತು. ಎದ್ದಾಗ ಪಕ್ಕದಲ್ಲಿ ಯಾರೋ ಪುಣ್ಯಾತ್ಮರು ಒಂದು ಬಾಳೆಹಣ್ಣು ಇಟ್ಟು ಹೋಗಿದ್ದರು. ಮಾನ ಮರ್ಯಾದೆ ನೋಡದೆ ಸುಲಿದು ತಿಂದ.

ಅಷ್ಟರಲ್ಲಿ ಬಂದ ಇನ್ನೊಂದು ರೈಲಿನಿಂದ ಹಸಿರು ಟೀ ಶರ್ಟಿನ ಎಂಟು ಮಂದಿ ಇಳಿದರು. ಅವರ ಮುಂದಿದ್ದ ತರುಣಿಯ ಕಣ್ಣು ಬೇವಿನ ಗಿಡದ ಕಡೆ ಬಿತ್ತು. ಕ್ಷಣದಲ್ಲಿ ಎಂಟೂ ಜನ ಯಮನಪ್ಪನ ಸುತ್ತ ಮೊಣಕಾಲೂರಿದರು. ಒಬ್ಬ ಅವನ ಮುಖ ತೊಳೆದ, ಒಬ್ಬ ಬಾಯಿಗೆ ಬಿಸ್ಕೀಟು ಇಟ್ಟ, ಮಿಕ್ಕವರು ಚಪ್ಪಾಳೆ ತಟ್ಟಿ ಹಾಡು ಹೇಳಿಕೊಟ್ಟರು.

"ನಿಮಗೆ ಮನೆ ಇದೆಯೇ?" ಎಂದು ತರುಣಿ ಹಿಂದಿಯಲ್ಲಿ ಕೇಳಿದಳು.

ಯಮನಪ್ಪನಿಗೆ ಸಂತೆಯ ಹಿಂದಿ ಬರುತ್ತಿತ್ತು. "ಇದೆ. ಆದರೆ ಹೋಗುವ ಹಾಗಿಲ್ಲ," ಎಂದ. ತರುಣಿಯ ಕಣ್ಣಲ್ಲಿ ನೀರು ಬಂತು.

"ನೀವೆಲ್ಲ ಎಲ್ಲಿಯವರು?" ಎಂದು ಕೇಳಿದ.

"ಕಾಠ್ಮಾಂಡುವಿನ ಚರ್ಚಿನವರು. ನಿಮ್ಮ ದೇಶದ ಬೀದಿ ಮಕ್ಕಳ ಸೇವೆಗೆ ಬಂದಿದ್ದೇವೆ. ಸ್ಟೇಶನ್ನು ಸ್ಟೇಶನ್ನಿಗೂ ಇಳಿದು ಹುಡುಕುತ್ತ ನಾಲ್ಕು ದಿನವಾಯಿತು, ಒಬ್ಬರೂ ಸಿಕ್ಕಿರಲಿಲ್ಲ. ನಾಳೆ ತಿರುಗಿ ಹೋಗಬೇಕು. ನಿಮ್ಮ ವಯಸ್ಸು ಸ್ವಲ್ಪ ಹೆಚ್ಚಾಯಿತು. ಇರಲಿ, ನಡೆಯುತ್ತದೆ. ನಿಮ್ಮನ್ನು ಮನೆ ಮುಟ್ಟಿಸುತ್ತೇವೆ."

ಯಮನಪ್ಪ ಎದ್ದು ಓಡಲು ನೋಡಿದ. ಮನೆಗೆ ಕರೆದೊಯ್ಯುತ್ತೇವೆಂದಾಗ ಬೀದಿಗೆ ಬಿದ್ದವರು ಓಡುತ್ತಾರೆಂದು ಅವರ ತರಬೇತಿ ಪುಸ್ತಕದಲ್ಲಿ ಇತ್ತಂತೆ. ಇಬ್ಬರು ಪ್ರೀತಿಯಿಂದ ರಟ್ಟೆ ಹಿಡಿದರು. ಹೊರಗೆ ಮಲಗಿದ್ದ ಟಂಟಂದವನು ಎದ್ದು, "ಇವರ ಮನಿ ನನಗ ಗೊತ್ತೈತ್ರಿ" ಎಂದು ಗಾಡಿ ಚಾಲೂ ಮಾಡಿದ.

ಸಂಜೆ ಐದಕ್ಕೆ ಟಂಟಂ ಓಣಿಯ ಬಾಯಿಗೆ ಬಂದು ನಿಂತಿತು. ಮುಂಜಾನೆ ಬೀಳ್ಕೊಟ್ಟ ಮಂದಿಯೆಲ್ಲ ಇನ್ನೂ ಕಟ್ಟೆಯ ಮೇಲೆ ನೇಪಾಳದ ಥಂಡಿಯ ಬಗ್ಗೆ ಮಾತಾಡುತ್ತ ಕುಳಿತಿದ್ದರು. ಎರಡೂ ಕಡೆ ಹಸಿರು ಅಂಗಿಯವರು ಹಿಡಿದುಕೊಂಡ ಯಮನಪ್ಪ ಇಳಿದ.

"ಮುಟ್ಟಿ ಬಂದನಾ ಅಷ್ಟರಾಗ?" ಎಂದಳು ಹಾಲವ್ವ. "ವಿಮಾನದ ಕಾಲ ಐತಿ ಬಿಡವ್ವಾ. ಏ ತಮ್ಮಾ, ನನ್ನ ಕಾಯಿ ಒಡಿಸಿದ್ಯಾ?"

ತರುಣಿ ಹಿಂದಿಯಲ್ಲಿ ಹೇಳಿದ್ದನ್ನೆಲ್ಲ ಮುರಗೆಪ್ಪ ಮಾಸ್ತರರು ಮೈಕು ಹಿಡಿದೇ ಕನ್ನಡಕ್ಕೆ ಮಾಡಿದರು. ಇವನು ಸ್ಟೇಶನ್ನಿನಲ್ಲಿ ಅನಾಥನಾಗಿ ಬಿದ್ದಿದ್ದ. ಹೊದಿಯಲು ಯಾರೋ ಕೊಟ್ಟ ಶಾಲು, ತಿನ್ನಲು ಯಾರೋ ಇಟ್ಟ ಬಾಳೆಹಣ್ಣು. ಇನ್ನು ಮುಂದೆ ಇವನನ್ನು ಮನೆಯಿಂದ ಹೊರಗೆ ಹಾಕಬೇಡಿ. ರಾವಸಾಹೇಬರು ವಿದೇಶಿ ಅತಿಥಿಗಳ ಪಕ್ಕದಲ್ಲಿ ಬಂದು ನಿಂತು, ಅಂಗಿ ಸರಿಮಾಡಿಕೊಂಡು, ಫೋಟೋ ತೆಗೆಯಲು ಹೇಳಿದರು. ಯಮನಪ್ಪ ತಲೆ ಎತ್ತಲಿಲ್ಲ.

ತರುಣಿ ಚೀಲದಿಂದ ಒಂದು ಫಾರ್ಮು ತೆಗೆದು ಸುಂದರವ್ವನ ಮುಂದೆ ಹಿಡಿದಳು. ಸಿಕ್ಕ ಮಗುವನ್ನು ಮನೆಯವರ ವಶಕ್ಕೆ ಕೊಟ್ಟಿದ್ದಕ್ಕೆ ಸಹಿ ಬೇಕಂತೆ. ಆ ಫಾರ್ಮಿನಲ್ಲಿ ಹದಿನೆಂಟರ ಮೇಲಿನ ವಯಸ್ಸು ಬರೆಯುವ ಹಾಗಿಲ್ಲವಾದ್ದರಿಂದ ಹದಿನಾರು ಎಂದು ತುಂಬಿದ್ದೇವೆ, ನಿಮ್ಮ ಒಪ್ಪಿಗೆ ಇದೆಯೇ ಎಂದು ಮಾಸ್ತರರು ಓದಿ ಹೇಳಿದರು.

ಸುಂದರವ್ವ ಗಂಡನನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿದಳು.

"ಹದಿನಾರು ಭಾಳ ಆತ್ರಿ, ಮಾಸ್ತರ," ಎಂದಳು. "ಆರು ಬರೀರಿ. ಸಹಿ ಮಾಡತೇನಿ."