ಬುರುಜಿನ ಬಾಗಿಲಿಗೆ ಎರಡು ಬಿರಡೆ

ಸುಳ್ಳು ಅಂತೀರಾ? ನಗಿ, ನಗಿ. ಇಬ್ಬರು ಗಂಡಸರು ಒಂದು ಬಾಗಿಲಲ್ಲಿ ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡಿರೋದು ಸಾಧ್ಯವೇ ಇಲ್ಲ ಅನ್ನೋದು ನಿಮ್ಮ ವಾದ. ಇಸ್ಫಹಾನ್ ಪಕ್ಕದ ನಮ್ಮೂರು ಗವರ್ತಿನ ಪಾರಿವಾಳದ ಬುರುಜಿನ ಬಾಗಿಲು ನೀವು ನೋಡಿಲ್ಲ, ಅದಕ್ಕೇ ಹಾಗಂತೀರಿ. ನನ್ನ ಹೊಟ್ಟೆ ಕಣ್ಣೆದುರಿಗೇ ಇದೆಯಲ್ಲ, ಇದನ್ನ ನೋಡಿಯಾದ್ರೂ ನಂಬಿ.

ಆ ಬಾಗಿಲನ್ನ ಮನುಷ್ಯರಿಗೆ ಅಂತ ಕಟ್ಟಿದ್ದೇ ಅಲ್ಲ. ವರ್ಷಕ್ಕೊಂದು ಸಲ ಒಡೆದು, ಕರ್ಬೂಜದ ಹೊಲದ ಗೊಬ್ಬರಕ್ಕೆ ಹಿಕ್ಕೆ ಬಾಚಿಕೊಂಡು, ಹಾವು ನುಗ್ಗಬಾರದು ಅಂತ ಮತ್ತೆ ಇಟ್ಟಿಗೆ ಇಟ್ಟು ಮುಚ್ಚಿಬಿಡೋ ಕಿಂಡಿ ಅದು. ಒಳಗೆ ಹನ್ನೆರಡು ಸಾವಿರ ಗೂಡು. ನಮ್ಮ ತಾತನ ಕಾಲದಲ್ಲಿ ಅಷ್ಟೂ ಹಕ್ಕಿ ಒಟ್ಟಿಗೆ ರೆಕ್ಕೆ ಬಡಿದ್ರೆ ಬುರುಜು ನೆಲ ಬಿಟ್ಟು ಒಂದು ಗೇಣು ಮೇಲೇಳ್ತಿತ್ತು. ಇದನ್ನೂ ನಂಬಬೇಡಿ, ಪರವಾಗಿಲ್ಲ. ಆಮೇಲೆ ಅದು ಪಾಳುಬಿತ್ತು. ಹೋದ ವರ್ಷ ರಿಪೇರಿ ಮಾಡಿ, ಹುಲ್ಲು ಕಲಸಿದ ಮಣ್ಣು ಮೆತ್ತಿ, ನೋಡೋಕೆ ಬರೋರಿಗೆ ಅಂತ ತೆರೆದಿಟ್ರು.

ಅದೇ ಹೊತ್ತಿಗೆ ಮೊಮ್ಮಗಳು ನಸ್ತರನ್‌ಗೆ ನಜಫಾಬಾದಿನಿಂದ ಸಂಬಂಧ ಬಂತು. ಹುಡುಗ ಬೆಹ್ರೂಜ್. ಅವನ ಅಜ್ಜ ಹಾಜಿ ಸೈಫುಲ್ಲಾ. ಆ ಮನೇಲಿ ಅವರು ಹೂಂ ಅಂದ್ರೇ ಹೂಂ. ಮರ್ಯಾದೆ ವಿಷಯದಲ್ಲಿ ಭಾರಿ ಬಿಗಿ ಮನುಷ್ಯ. ಯಾವುದೋ ಮನೇಲಿ ಎರಡನೇ ಲೋಟ ಚಹಾಕ್ಕೆ ಮೂರು ಸಲ ಬಲವಂತ ಮಾಡೋ ಕಡೆ ಎರಡೇ ಸಲ ಮಾಡಿದ್ರು ಅಂತ ಸಂಬಂಧಾನೇ ಬಿಟ್ಟು ಎದ್ದುಬಂದೋರು. ನಸ್ತರನ್ ನನ್ನ ಹತ್ರ ಬಾಯಿಬಿಟ್ಟು ಏನೂ ಹೇಳಿರ್ಲಿಲ್ಲ. ಆದ್ರೆ ಮೂರು ದಿನದಿಂದ ಹುಡುಗಿಗೆ ಅನ್ನ ಸೇರ್ತಿರ್ಲಿಲ್ಲ. ಅದನ್ನ ನೋಡಿ ನನಗೂ ಸೇರ್ತಿರ್ಲಿಲ್ಲ, ಎರಡು ತಟ್ಟೆಗಿಂತ ಜಾಸ್ತಿ.

ಶುಕ್ರವಾರ ಬಂದ್ರು. ಹೆಂಗಸರೆಲ್ಲ ಅಡುಗೆಮನೆ ಸೇರಿದ್ರು. ಊಟಕ್ಕೆ ಮುಂಚೆ ಹಾಜಿಗೆ ಬುರುಜು ತೋರಿಸಿಬರ್ತೀನಿ ಅಂತ ನಾನು ಹೊರಟೆ. ಮರ್ಯಾದೇಲಿ ನನ್ನ ಗೆಲ್ಲೋನು ಇಸ್ಫಹಾನಲ್ಲೇ ಹುಟ್ಟಿಲ್ಲ, ಮುದುಕನ್ನ ಕರಗಿಸಿ ನೀರು ಮಾಡಿ ತರ್ತೀನಿ ಅಂದೆ. ನನ್ನ ಹೆಂಡತಿ ತೂಬಾ ಅಡ್ಡ ನಿಂತು, "ರೀ, ಅತಿ ಮಾಡಬೇಡಿ. ಈ ಸಂಬಂಧ ತಪ್ಪಿಹೋದ್ರೆ ಆ ಹುಡುಗಿ ಮುಖ ನೀವೇ ನೋಡಬೇಕು" ಅಂದ್ಲು.

ಬುರುಜಿಗೆ ಹೋದೋರು ನಾಲ್ಕೇ ಜನ. ಮುಂದೆ ನಾವಿಬ್ಬರು ಅಜ್ಜಂದಿರು, ಹಿಂದೆ ಹುಡುಗ, ಹುಡುಗಿ. ಕಾವಲಿನವನು ಬೀಗ ತೆಗೆದು ನಮಾಜಿಗೆ ಹೋದ. ನಾನು ಬಾಗಿಲ ಮುಂದೆ ಬಗ್ಗಿ, ತಾವು ಮೊದಲು ದಯಮಾಡಿಸಬೇಕು ಅಂದೆ. ಹಾಜಿ ನನಗಿಂತ ನಾಲ್ಕು ಬೆರಳು ಹೆಚ್ಚು ಬಗ್ಗಿ, ಉಂಟೇ, ಊರಿನ ಯಜಮಾನರು ತಾವು ಅಂದ್ರು. ನಾನು ಅವರ ವಯಸ್ಸು ಎತ್ತಿದೆ. ಅವರು ನನ್ನ ವಂಶ ಎತ್ತಿದ್ರು. ನಾನು ಅವರ ಹಜ್ ಯಾತ್ರೆ ಎತ್ತಿದೆ, ಅವರು ನಮ್ಮ ತಾತನ ಪಾರಿವಾಳಗಳನ್ನೇ ಎತ್ತಿದ್ರು. ಬಿಸಿಲು ನೆತ್ತಿ ಸುಡ್ತಿತ್ತು. ನಾನು ಮೊದಲು ಹೋದ್ರೆ ಮರ್ಯಾದೆಗೆಟ್ಟೋನು, ಸಂಬಂಧ ಮುರೀತು. ಹೋಗದೆ ಇದ್ದು ಮುದುಕ ಬಿಸಿಲಿಗೆ ಬಿದ್ದುಹೋದ್ರೆ ಆಗಲೂ ಮುರೀತು. ಈ ಗಲಾಟೇಲಿ ಮಕ್ಕಳಿಬ್ಬರೂ ನಮ್ಮ ಪಕ್ಕದಲ್ಲೇ ನುಸುಳಿ ಯಾವಾಗ ಒಳಗೆ ಹೋದ್ರೋ ಗೊತ್ತೇ ಆಗ್ಲಿಲ್ಲ.

ಕಡೆಗೆ, ಆಯ್ತು, ಅವರ ಮಾತೇ ನಡೀಲಿ ಅಂತ ನಾನು ನುಗ್ಗಿದೆ. ಅದೇ ಗಳಿಗೇಲಿ ಹಾಜಿಗೂ ಅದೇ ಬುದ್ಧಿ ಬಂತು.

ಬಾಟಲಿಗೆ ಬಿರಡೆ ಜಡಿದ ಹಾಗೆ ಕೂತ್ವಿ ನೋಡಿ. ಹೊಟ್ಟೆಗೆ ಹೊಟ್ಟೆ, ಗಡ್ಡಕ್ಕೆ ಗಡ್ಡ. ಹೊಸ ಮಣ್ಣು ಉದುರಿ ಅವರ ಬಿಳಿ ಗಡ್ಡ ಕಂದು ಬಣ್ಣಕ್ಕೆ ತಿರುಗ್ತು. ಒಬ್ಬರು ಹಿಂದಕ್ಕೆ ಜಾರಿಕೊಂಡಿದ್ರೆ ಆಗಲೇ ಮುಗೀತಿತ್ತು. ಆದ್ರೆ ಯಾರು ಮೊದಲು?

"ತಾವು ಮೊದಲು ಬಿಡಿಸ್ಕೊಳ್ಳಿ, ಹಾಜಿಯವರೇ."

"ತಮ್ಮನ್ನ ಈ ಸ್ಥಿತೀಲಿ ಬಿಟ್ಟು ನಾನು ಹೇಗೆ ಹೋಗ್ಲಿ, ಯಜಮಾನ್ರೇ?"

ಹೀಗೇ ಬಹಳ ಹೊತ್ತು. ಆಮೇಲೆ ಇಬ್ಬರೂ ನಾಚಿಕೆ ಬಿಟ್ಟು ಎಳೆದಾಡಿದ್ವಿ, ಅಷ್ಟರಲ್ಲಿ ಬೆವರಿಗೆ ಮಣ್ಣು ಅಂಟಿ ಇನ್ನೂ ಗಟ್ಟಿಯಾಗಿತ್ತು. ಒಂದು ಪಾರಿವಾಳ ನನ್ನ ಟೋಪಿ ಮೇಲೆ ಕೂತು, ಇಬ್ಬರನ್ನೂ ಸಾವಕಾಶವಾಗಿ ನೋಡಿ, ತನ್ನ ಕೆಲಸ ಮುಗಿಸಿ ಹೋಯ್ತು. ಹಾಜಿ ಮುಖ ಆ ಕಡೆ ತಿರುಗಿಸಿಬಿಟ್ರು. ಹೋಯ್ತು, ನಸ್ತರನ್ ಮದುವೆ ಈ ಬಾಗಿಲಲ್ಲೇ ಹೋಯ್ತು ಅಂದ್ಕೊಂಡೆ. ಬಂದು ತಳ್ಳಮ್ಮಾ ಅಂತ ಒಳಕ್ಕೆ ಕೂಗಿದೆ. ಮೇಲಿಂದ ಉತ್ತರ ಬಂತು: "ಬಂದೆ ಅಜ್ಜ, ಗೂಡು ಎಣಿಸ್ತಿದ್ದೀವಿ."

ಗೂಡೆಷ್ಟು ಅಂತ ಹೇಳಿದ್ನಲ್ಲ.

ಅಂತೂ ಬೆಹ್ರೂಜ್ ಇಳಿದುಬಂದು ಭುಜ ಕೊಟ್ಟು ಒಂದೇ ಸಲ ತಳ್ಳಿದ. ಇಬ್ಬರೂ ಒಟ್ಟಿಗೆ ಹೊರಗೆ ಬಿದ್ವಿ. ಯಾರು ಮೊದಲು ಅನ್ನೋ ಪ್ರಶ್ನೆ ಬರಲಿಲ್ಲ, ಅಷ್ಟು ಮಟ್ಟಿಗೆ ದೇವರು ಕಾಪಾಡಿದ.

ಮನೆಗೆ ಬಂದ್ವಿ. ಹಾಜಿ ಕೂತು, ಗಡ್ಡ ಕೊಡವಿಕೊಂಡು, ಚಹಾ ಕುಡಿದು ತೂಬಾ ಕಡೆ ತಿರುಗಿದ್ರು. "ತಾಯೀ, ಇಷ್ಟು ಮರ್ಯಾದಸ್ಥರನ್ನ ನಾನು ಕಂಡಿಲ್ಲ. ನಮ್ಮ ಕಡೆಯಿಂದ ಒಪ್ಪಿಗೆ. ಹುಡುಗಿ ಏನಂತಾಳೋ ಕೇಳಿ." ಹುಡುಗಿ ತಲೆ ತಗ್ಗಿಸಿ ಹೂಂ ಅಂದ್ಲು.

ನಾನು ಎದೆ ಉಬ್ಬಿಸಿಕೊಂಡು ಅಡುಗೆಮನೆಗೆ ಹೋಗಿ, ನೋಡಿದ್ಯಾ ನನ್ನ ಪ್ರತಾಪ ಅಂದೆ. ತೂಬಾ ಸೌಟು ಕೂಡ ಕೆಳಗಿಡಲಿಲ್ಲ.

"ಹುಡುಗನ ಹತ್ರ ಒಬ್ಬಳೇ ಕೂತು ಮಾತಾಡದೆ ಒಪ್ಪಲ್ಲ ಅಂತ ಮೂರು ದಿನದಿಂದ ಹಟ ಹಿಡಿದಿದ್ಲು ರೀ. ಹಾಜಿ ಎದುರಿಗೆ ಅದನ್ನ ಕೇಳೋರು ಯಾರು? ನೀವಿಬ್ರು ಬಾಗಿಲು ಮುಚ್ಚಿಕೊಂಡು ನಿಂತ್ರಿ, ಅವರು ನೆಮ್ಮದಿಯಾಗಿ ಮಾತಾಡಿದ್ರು. ಅಜ್ಜ ಇನ್ನೂ ಸ್ವಲ್ಪ ದಪ್ಪ ಇದ್ದಿದ್ರೆ ಮದುವೆ ದಿನಾನೂ ಗೊತ್ತು ಮಾಡ್ಕೊಂಡೇ ಬರ್ತಿದ್ವಿ ಅಂತಾಳೆ."

ಇದಕ್ಕೆ ಏನು ಉತ್ತರ ಕೊಡೋದು ಅಂತ ಅವತ್ತಿಂದ ಯೋಚಿಸ್ತಾನೇ ಇದ್ದೀನಿ. ಇವತ್ತು ಇನ್ನೇನು ಹೊಳೆಯೋ ಹಾಗಿತ್ತು, ನೋಡಿ, ಅಷ್ಟರಲ್ಲಿ ತೂಬಾನೇ ಊಟಕ್ಕೆ ಕರೀತಿದ್ದಾಳೆ.